ಬೀಗರೂಟ ಮುಗಿಸಿ ಬರುವಾಗ

ಬೀಗರೂಟದಲ್ಲಿ ಬಾಡಿಗಿಂತ ಬ್ರಾಂದಿಯನ್ನೇ ಹೆಚ್ಚು ಇಳಿಸಿ ಕಾರು ಓಡಿಸುತ್ತಿದ್ದ ಗಂಡ, ತಿರುವಿನಾಚೆ ಪೊಲೀಸರು ಗಾಡಿಗಳನ್ನು ತಡೆದು ಮಷಿನ್ನಿಗೆ ಊದಿಸುತ್ತಿರುವುದನ್ನು ಕಂಡೊಡನೆ ಬ್ರೇಕ್ ಒತ್ತಿದ. ಪಕ್ಕದ ಸೀಟಿನಲ್ಲಿದ್ದ ಯಶೋದೆ ಇನ್ನೂ ಹಿಂದಕ್ಕೆ ತಿರುಗಿ ನೋಡುತ್ತಿದ್ದಳು. ಆಗಷ್ಟೇ ರಸ್ತೆ ದಾಟುತ್ತಿದ್ದ ಶಾಲೆಯ ಮಗುವೊಂದು ಇವರ ಕಾರಿನಡಿ ಸಿಗದೆ ಕೂದಲೆಳೆಯಲ್ಲಿ ಉಳಿದುಕೊಂಡಿತ್ತು.

"ಬಾರೇ ಈ ಕಡೆ. ನೀನೇ ಓಡಿಸ್ತಿದ್ದೆ ಅನ್ನು. ಕೇಸಾದ್ರೆ ಜೈಲು, ಲೈಸೆನ್ಸೂ ಹೋಯ್ತದೆ."

"ನಂಗೂ ಲೈಸೆನ್ಸ್ ಬಂದು ಮೂರು ವರ್ಷ ಆಯ್ತು. ನಮ್ಮಪ್ಪ ಕೊಟ್ಟ ಕಾರನ್ನ ಒಂದಿನ ಮುಟ್ಟಕ್ಕೆ ಬಿಟ್ಟಿದ್ದೀರಾ?"

"ಬಾಯ್ಮುಚ್ಕೊಂಡು ಕೂತ್ಕೊ. ಸುಳ್ಳು ಹೇಳಿದ್ರೆ ಪೂರ್ತಿ ಹೇಳ್ಬೇಕು. ತಡವರಿಸಿದ್ಯೋ, ಮನೇಲಿ ನೋಡ್ಕತೀನಿ!"

ಇಬ್ಬರೂ ಸೀಟು ಬದಲಾಯಿಸಿದರು. ಯಶೋದೆ ನಿಧಾನಕ್ಕೆ ಕಾರನ್ನು ಪೊಲೀಸರ ಮುಂದೆ ತಂದು ನಿಲ್ಲಿಸಿ ಊದಿದಳು. ಸೊನ್ನೆ ಬಂತು. ಲೈಸೆನ್ಸು, ಕಾರಿನ ಕಾಗದ ಎರಡೂ ಅವಳ ಹೆಸರಿನಲ್ಲೇ ಇದ್ದವು.

"ಸರಿಯಮ್ಮ, ಹೊರಡಿ. ಪಕ್ಕದಲ್ಲಿ ಗಬ್ಬು ವಾಸನೆ ಹೊಡೀತಾವ್ರಲ್ಲ, ಯಜಮಾನ್ರಾ?"

ಗಂಡ ಹಲ್ಲುಕಿರಿದ. ಅವಳು ತಡವರಿಸಲಿಲ್ಲ.

"ಯಾರೋ ಗೊತ್ತಿಲ್ಲ ಸಾರ್, ದಾರೀಲಿ ಡ್ರಾಪ್ ಕೇಳಿದ್ರು. ಇಲ್ಲೇ ಇಳಿಸ್ಕೊಳ್ಳಿ."