ನಿಂಬೆಹಣ್ಣಿಗಿಂತ ದಪ್ಪ

“ಫ್ರೀಜರ್ ಮುಟ್ಟಬೇಡಿ, ಅತ್ತೆ!”

ಸೊಸೆಯ ಗಂಟಲಿನಿಂದ ಇಷ್ಟು ಜೋರಾದ ಮಾತು ಬಂದು ದಿನಗಳೇ ಆಗಿದ್ದವು. ಅತ್ತೆ ಬೆಚ್ಚಿ ಕೈ ಹಿಂದಕ್ಕೆಳೆದುಕೊಂಡರು.

“ಒಳಗೇನು ಹಾವಿದೆಯೇನೇ?”

“ಕರೆಂಟಿಲ್ಲ. ಬಾಗಿಲು ತೆಗೆದರೆ ತಂಪೆಲ್ಲ ಹೋಗುತ್ತೆ. ಅವರು ಎತ್ತಿಟ್ಟ ಆಲಿಕಲ್ಲು ಕರಗಿಬಿಡುತ್ತೆ.”

ಅಂತ್ಯಸಂಸ್ಕಾರಕ್ಕೆ ಬಂದ ನೆಂಟರೆಲ್ಲ ಹಿಂದಿನ ಸಂಜೆ ಹೊರಟುಹೋಗಿದ್ದರು. ಯಾರೂ ಅಳದ, ಯಾರಿಗೂ ಕಾಫಿ ಮಾಡಿಕೊಡಬೇಕಿಲ್ಲದ ಮೊದಲ ಬೆಳಗು. ಹಾಲಿನವನು ಬಂದ. ಕಸದ ಗಾಡಿ ಬಂತು. ಕರೆಂಟು ಹೋಯಿತು. ಹೊತ್ತೇರುವ ಮೊದಲು ವಿಮೆ ಕಂಪನಿಯ ಸರ್ವೇಯರ್ ಬರುವುದಿತ್ತು.

ಆಲಿಕಲ್ಲು ಬಿದ್ದದ್ದು ಹೋದ ವಾರ, ಅವರ ಬೀದಿ ಮತ್ತು ಹಿಂದಿನ ಬೀದಿಗೆ ಮಾತ್ರ. ಮಾಡಿನ ತಗಡಿನ ಶೀಟುಗಳು ಜಜ್ಜಿಹೋಗಿ, ಜೋಡಿಸಿದ ಕಡೆಯೆಲ್ಲ ಬಾಯಿ ಬಿಟ್ಟಿದ್ದವು. ಮಲಗುವ ಕೋಣೆಯಲ್ಲಿ ಬಕೆಟ್ಟು, ಅಡುಗೆಮನೆಯಲ್ಲಿ ಬೋಗುಣಿ. ಗಂಡ ವಿಮೆಯವರಿಗೆ ಅರ್ಜಿ ಹಾಕಿದ. ಅವರು ಬರುವ ಮೊದಲೇ ಒಂದು ದಿನ ಆಫೀಸಿನ ಮೆಟ್ಟಿಲ ಮೇಲೆ ಸುಧಾರಿಸಿಕೊಳ್ಳಲು ಕುಳಿತವನು ಏಳಲಿಲ್ಲ.

ಭಾವ ಹೊರಡುವಾಗ ತೀರ್ಪು ಕೊಟ್ಟು ಹೋಗಿದ್ದರು. ವಿಮೆಯವರು ಹೊಸ ಮಾಡು ಹಾಕಿಸಿಕೊಟ್ಟರೆ ಸರಿ. ಇಲ್ಲದಿದ್ದರೆ ಮನೆ ಮಾರುವುದು. ಅತ್ತೆ ದೊಡ್ಡ ಮಗನಾದ ಅವರ ಮನೆಗೆ, ಸೊಸೆ ತನ್ನ ತವರಿಗೆ.

“ಅವನ ಮನೆಯಲ್ಲಿ ಕೆಮ್ಮಬೇಕಾದರೂ ಆ ದೊಡ್ಡ ಸೊಸೆಯ ಮುಖ ನೋಡಿ ಕೆಮ್ಮಬೇಕು,” ಎಂದರು ಅತ್ತೆ. “ನೀನಾದರೆ ಎದುರು ಮಾತಾಡಿ ಮುಗಿಸ್ತೀಯ. ನನಗೂ ಅಭ್ಯಾಸವಾಗಿದೆ.”

ಅತ್ತೆಯ ಬಾಯಲ್ಲಿ ಇದಕ್ಕಿಂತ ದೊಡ್ಡ ಹೊಗಳಿಕೆ ಇರಲಿಲ್ಲ. ಸೊಸೆ ಬೋಗುಣಿಯ ನೀರು ಚೆಲ್ಲಿ ಬಂದಳು. “ಎಲ್ಲಿಗೂ ಹೋಗೋದು ಬೇಡ, ಅತ್ತೆ.”

ಸರ್ವೇಯರಿಗೆ ಬೀದಿಯವರು ಇಟ್ಟ ಹೆಸರು ಸುತ್ತಿಗೆ ಸಾಹೇಬ. ಸುತ್ತಿಗೆಯಲ್ಲಿ ಗುದ್ದಿ ‘ಆಲಿಕಲ್ಲಿನ ಪೆಟ್ಟು’ ಎನ್ನುವವರನ್ನು ಹಿಡಿಯುವುದರಲ್ಲಿ ಅವರು ಎತ್ತಿದ ಕೈ. ಬಂದವರೇ ಏಣಿ ಹತ್ತಿದರು. ಶೀಟಿನ ಮೇಲೆ ಬಹಳ ಹೊತ್ತು ಹೆಜ್ಜೆ ಸದ್ದು ಕೇಳಿಸಿತು. ಇಳಿದಾಗ ಮುಖದಲ್ಲಿ ಸ್ವಲ್ಪ ನಿರಾಸೆಯಿತ್ತು.

“ಸುತ್ತಿಗೆ ಕೆಲಸ ಅಲ್ಲ ಇದು. ಸುತ್ತಿಗೆಯವರಾದರೆ ಕೈಗೆಟುಕಿದ ಕಡೆ ಸಾಲಾಗಿ ಹೊಡೀತಾರೆ, ಮಾಡಿನಂಚಿನ ಮಳೆನೀರಿನ ದೋಣಿ ಮರೀತಾರೆ. ಇಲ್ಲಿ ದೋಣಿಗೂ ಬಿದ್ದಿದೆ, ಟ್ಯಾಂಕಿನ ಮುಚ್ಚಳಕ್ಕೂ ಬಿದ್ದಿದೆ. ಆಲಿಕಲ್ಲೇ. ಆ ತುಕ್ಕು ಹಿಡಿದ ತೂತು ಮಾತ್ರ ನಿಮ್ಮ ಸ್ವಂತದ್ದು. ಅದಕ್ಕೆ ಕಂಪನಿ ಕೊಡಲ್ಲ.”

“ಹೊಸ ಮಾಡು ಸಿಗುತ್ತಲ್ಲ?” ಸೊಸೆ ಕೇಳಿದಳು.

“ಅಷ್ಟು ಸುಲಭ ಇಲ್ಲಮ್ಮ. ಹವಾಮಾನದವರ ಯಂತ್ರ ಇರೋದು ಊರಾಚೆ. ಅಲ್ಲಿ ಬಿದ್ದದ್ದು ಬಟಾಣಿ ಗಾತ್ರ. ಬಟಾಣಿಗಾದರೆ ಬರೀ ತೇಪೆ, ಬಣ್ಣ. ನಿಂಬೆಹಣ್ಣಿಗಿಂತ ದಪ್ಪ ಅಂತ ತೋರಿಸಿದರೆ ಪೂರ್ತಿ ಮಾಡು.”

“ನಿಂಬೆಹಣ್ಣೇನು, ಕಿತ್ತಳೆಯಷ್ಟಿತ್ತು!” ಎಂದರು ಅತ್ತೆ.

“ತಾಯಂದಿರು ಕಂಡ ಆಲಿಕಲ್ಲೆಲ್ಲ ತೆಂಗಿನಕಾಯಿ ಗಾತ್ರವೇ, ಅಮ್ಮ. ನನಗೆ ಕಲ್ಲು ಬೇಕು. ಜನ ಫೋಟೋ ತೆಗೀತಾರೆ, ಗಾತ್ರ ತಿಳಿಯೋ ಹಾಗೆ ಪಕ್ಕದಲ್ಲಿ ಒಂದು ಚಮಚ ಸಹ ಇಡಲ್ಲ. ಫ್ರೀಜರಿನಲ್ಲಿ ಎತ್ತಿಡೋದಂತೂ ದೂರದ ಮಾತು.”

“ನನ್ನ ಮಗ ಎತ್ತಿಟ್ಟಿದ್ದಾನೆ,” ಅತ್ತೆ ಎದೆ ಸೆಟೆಸಿದರು. “ತಲೆ ಮೇಲೆ ಬಾಣಲೆ ಬೋರಲು ಹಾಕಿಕೊಂಡು ಅಂಗಳಕ್ಕೆ ಹೋಗಿ ಆರಿಸಿ ತಂದ. ಈ ಕಣ್ಣಲ್ಲೇ ನೋಡಿದೆ.”

ಸರ್ವೇಯರ್ ಅಡುಗೆಮನೆಯತ್ತ ಹೊರಟರು. ಸೊಸೆ ಅಡ್ಡ ಬಂದಳು.

“ನೀವು ಕೂತ್ಕೊಳ್ಳಿ. ನಾನೇ ತರ್ತೀನಿ.”

ಹೋದವಳು ಬರಲಿಲ್ಲ. ಒಳಗಿನಿಂದ ನಲ್ಲಿಯ ಸದ್ದು ಬರುತ್ತಲೇ ಇತ್ತು.

“ಲೇ! ಅಲ್ಲಿ ಕಲ್ಲು ಕರಗ್ತಿದೆ, ಇದೇನೇ ಪಾತ್ರೆ ತೊಳೆಯೋ ಹೊತ್ತು?” ಎಂದು ಕೂಗಿದ ಅತ್ತೆ, ಸರ್ವೇಯರ್ ಕಡೆ ತಿರುಗಿ ದನಿ ತಗ್ಗಿಸಿದರು. “ಅವನು ಹೋದಾಗಿನಿಂದ ಹೀಗೇ. ನಲ್ಲಿ ಬಿಟ್ಟು ನಿಂತುಬಿಡ್ತಾಳೆ. ಏನೂ ಅನ್ನಬೇಡಿ.”

ಸೊಸೆ ಸ್ಟೀಲ್ ಡಬ್ಬಿ ತಂದು ಮೇಜಿನ ಮೇಲಿಟ್ಟಳು. ಬೆರಳುಗಳು ಚಳಿಗೆ ಕೆಂಪಾಗಿದ್ದವು. ಸರ್ವೇಯರ್ ಕೈಚೀಲದಿಂದ ಒಣಗಿ ಗಟ್ಟಿಯಾದ ಒಂದು ನಿಂಬೆಹಣ್ಣು ತೆಗೆದರು. ಆ ಕಂಪನಿ ನಿಂಬೆಹಣ್ಣನ್ನು ಕಲ್ಲಿನ ಪಕ್ಕದಲ್ಲಿಟ್ಟು, ಬಗ್ಗಿ, ಒಂದು ಕಣ್ಣು ಮುಚ್ಚಿ ನೋಡಿದರು. ಕಲ್ಲೇ ದಪ್ಪ.

“ಇಷ್ಟು ದುಂಡಗಿನದು ನನ್ನ ಸರ್ವೀಸಿನಲ್ಲೇ ನೋಡಿಲ್ಲ.”

“ಆರಿಸಿ ತಂದದ್ದಲ್ವಾ,” ಅತ್ತೆ ಕಣ್ಣೊರೆಸಿಕೊಂಡರು. “ಟೊಮೆಟೊ ತಂದರೂ ಅಷ್ಟೇ. ಒಂದೊಂದನ್ನೂ ತಿರುಗಿಸಿ ನೋಡದೆ ಚೀಲಕ್ಕೆ ಹಾಕ್ತಿರಲಿಲ್ಲ.”

ಸರ್ವೇಯರ್ ಕಲ್ಲನ್ನು ನೋಡಿದರು. ಅತ್ತೆಯ ಮುಖ ನೋಡಿದರು. ಸುಳ್ಳು ಹೇಳುವ ತಾಯಂದಿರನ್ನು ಅವರು ಬೇಕಾದಷ್ಟು ಕಂಡಿದ್ದರು. ಈ ತಾಯಿ ಸುಳ್ಳು ಹೇಳುತ್ತಿರಲಿಲ್ಲ.

“ಪೂರ್ತಿ ಮಾಡು,” ಎಂದು ಎದ್ದರು.

ಸಂಜೆ ಕರೆಂಟು ಬಂತು. ಅತ್ತೆ ಫೋನಿನಲ್ಲಿ ದೊಡ್ಡ ಮಗನಿಗೆ ಸುದ್ದಿ ಮುಟ್ಟಿಸುತ್ತಿದ್ದರು, ಒಂದೇ ಮಾತನ್ನು ಎರಡೆರಡು ಸಲ. ಸೊಸೆ ಪೇಪರಿನಲ್ಲಿ ಏನನ್ನೋ ಸುತ್ತಿಕೊಂಡು ರಸ್ತೆ ದಾಟಿ, ಜ್ಯೂಸ್ ಅಂಗಡಿ ನಡೆಸುವ ಎದುರುಮನೆಯ ಅಕ್ಕನ ಬಾಗಿಲು ತಟ್ಟಿದಳು.

“ನಿಮ್ಮದೇ ಇರಬೇಕು, ಅಕ್ಕಾ. ಅವರು ಕೇಳಿ ತಂದಿದ್ದರು ಅನ್ನಿಸುತ್ತೆ. ಬೆಳಿಗ್ಗೆ ಫ್ರೀಜರಿನಲ್ಲಿ ಸಿಕ್ಕಿತು.”

ಅಕ್ಕ ಪೇಪರು ಬಿಡಿಸಿದಳು. ದುಂಡನೆಯ ಐಸ್ ಮಾಡುವ ರಬ್ಬರ್ ಅಚ್ಚು.

“ಕೆಲಸ ಆಯ್ತಾ?”

“ಆಯ್ತು. ಅವರು ಮಾಡಿಟ್ಟಿದ್ದ ಐಸಿನ ಮೇಲಿನ ಅಚ್ಚಿನ ಗೆರೆ ಮಾತ್ರ ನಲ್ಲಿ ಕೆಳಗೆ ಹಿಡಿದು ಉಜ್ಜಬೇಕಾಯ್ತು.”

“ನಿಮ್ಮತ್ತೆಗೆ ಹೇಳಬೇಡ ಮತ್ತೆ. ‘ಅಮ್ಮ ನೊಂದ್ಕೋತಾಳೆ’ ಅಂತ ನಿಮ್ಮೆಜಮಾನರು ನನ್ನ ಹತ್ತಿರ ಆಣೆ ಹಾಕಿಸಿಕೊಂಡಿದ್ದರು: ಅವರು ಆರಿಸಿ ತಂದ ನಿಜವಾದ ಆಲಿಕಲ್ಲನ್ನೆಲ್ಲ, ಐಸ್ ಅಂದುಕೊಂಡು, ಮಾರನೇ ದಿನವೇ ಜ್ಯೂಸಿಗೆ ಹಾಕಿಕೊಂಡು ಕುಡಿದದ್ದು ನಿಮ್ಮತ್ತೇನೇ.”