ಐದನೆಯ ಅಧ್ಯಾಯದ ಸಾಕ್ಷಿ

ಹೇಳಿಬಿಡಲೇ? ಏಮಸ್ ಪೆನಕ್ ತನ್ನೊಳಗೇ ಕೇಳಿಕೊಂಡ. ಅವನು ಒಂದು ಮಾತು ಆಡಿದರೆ ಸಾಕು, ಡಾಕ್ಟರ್ ಥಾರ್ನ್ ಜ್ವರದ ಬಗ್ಗೆ ಬರೆದ ಆ ಹೆಸರಾಂತ ಪುಸ್ತಕ ಈ ಕಾಫಿ ಅಂಗಡಿಯ ಮೇಜಿನ ಮೇಲೇ ಮಣ್ಣುಪಾಲಾಗುತ್ತಿತ್ತು.

ಫಿಲಡೆಲ್ಫಿಯಾದ ಹಡಗುಕಟ್ಟೆಯ ಕೇರಿಗೆ ಹಳದಿ ಜ್ವರ ಈ ಬೇಸಿಗೆಯಲ್ಲೂ ಇಳಿದಿತ್ತು. ಥಾರ್ನ್‌ನ ಪಾದರಸದ ಪುಡಿಯನ್ನು ಮನೆಮನೆಗೂ ಹಂಚಬೇಕೇ ಎಂದು ಇಲ್ಲಿ ಸೇರಿದ್ದ ನಗರದ ಹಿರಿಯರು ಇಂದೇ ತೀರ್ಮಾನಿಸಬೇಕು. ಜ್ವರ ತಗಲದಿರಲೆಂದು ಎಲ್ಲರ ಮೂಗಿಗೂ ವಿನೆಗರ್‌ನಲ್ಲಿ ಅದ್ದಿದ ಕರವಸ್ತ್ರ. ಪುಸ್ತಕದ ಐದನೆಯ ಅಧ್ಯಾಯ ಪೂರ್ತಿ ಏಮಸ್‌ನ ಮೇಲೇ ನಿಂತಿತ್ತು: ಹೋದ ವರ್ಷ ಸಾವಿನ ಬಾಗಿಲು ತಟ್ಟಿ, ಪುಡಿ ಕುಡಿದು ಮರಳಿದ ಪೀಪಾಯಿ ಕೆಲಸಗಾರ. ಅದೇ ಮನೆಯಲ್ಲಿ ಸತ್ತ ಅವನ ಹೆಂಡತಿ ಟ್ಯಾಬಿತಾಳಿಗೆ ಅಲ್ಲಿ ಸಿಕ್ಕಿದ್ದು ಒಂದೇ ಸಾಲು.

"ಆ ಸಾಲು ಓದ್ರೀ ಡಾಕ್ಟ್ರೇ," ಟ್ಯಾಬಿತಾಳ ತಮ್ಮ ಸೈಲಸ್ ಕೆಣಕಿದ. "ನಮ್ಮಕ್ಕನ್ನ ಹೆಂಗೆ ಕೊಂದ್ರಿ ಅಂತ ಎಲ್ರೂ ಕೇಳ್ಲಿ."

ಥಾರ್ನ್ ಕನ್ನಡಕ ಏರಿಸಿದ. "ಕೊಂದಿದ್ದು ಅವಳ ಬಡಕಲು ಮೈ ಕಣಯ್ಯಾ. ಇಬ್ರಿಗೂ ಒಂದೇ ಪುಡಿ, ಒಂದೇ ಅಳತೆ. ಬೆಳಿಗ್ಗೆ ನಾನೇ ಬಂದು ನೋಡ್ದೆ, ಎರಡು ಲೋಟಾನೂ ಖಾಲಿ. ಔಷಧಿ ವಿಷ ಆಗಿದ್ರೆ ನಿಮ್ಮ ಭಾವ ಹೇಗೆ ಬದುಕಿದ? ದೆವ್ವವಾಗಿ ಬಂದು ಕೂತಿದಾನಾ?"

ಯಾರೋ ನಕ್ಕರು.

"ಹೇಳು ಭಾವ! ಈ ಕಟುಕನ ಮುಖಕ್ಕೇ ಹೇಳು."

ಏಮಸ್ ಥಾರ್ನ್‌ನನ್ನು ದಿಟ್ಟಿಸಿದ. ಆ ದುಂಡು ಕೆನ್ನೆಯನ್ನು ಕಂಡರೆ ಅವನ ಮುಷ್ಟಿ ತಾನಾಗಿ ಬಿಗಿಯುತ್ತಿತ್ತು. ಆದರೆ ಆ ರಾತ್ರಿ ಟ್ಯಾಬಿತಾಳ ತಲೆಯನ್ನು ತೋಳಿಗೆ ಒರಗಿಸಿಕೊಂಡು, ಪುಡಿಗೆ ಕಾಕಂಬಿ ಬೆರೆಸಿ, ಗುಟುಕು ಗುಟುಕಾಗಿ ಕುಡಿಸಿದ್ದು ಈ ಕೈಗಳೇ.

"ಹೊಟ್ಟೆ ಉರೀತಿದೆ ಕಣ್ರೀ. ಇನ್ನೂ ಮುಗೀಲಿಲ್ವಾ?" ಎಂದಿದ್ದಳು.

"ಇನ್ನೊಂಚೂರು ಅಷ್ಟೇ. ಬದುಕ್ತೀಯ," ಎಂದಿದ್ದ.

ಹಿರಿಯರಲ್ಲೊಬ್ಬರು ಮುಂದಕ್ಕೆ ಬಾಗಿದರು. "ನೋಡು ಪೆನಕ್, ಸುತ್ತಿಬಳಸಬೇಡ. ನಿನ್ನ ಲೋಟದಲ್ಲಿದ್ದ ಔಷಧಿ ಚೆಲ್ಲಿದ್ಯೇನು?"

ಹೌದೆನ್ನು ಎಂಬಂತೆ ಸೈಲಸ್ ಭಾವನತ್ತ ಬಾಗಿದ.

"ಒಂದು ಹನೀನೂ ಚೆಲ್ಲಿಲ್ಲ, ಸ್ವಾಮಿ."

ಹಿರಿಯರ ಕೈಗಳು ಒಂದೊಂದಾಗಿ ಮೇಲೆದ್ದವು. ಪುಡಿ ಊರಿಗೆಲ್ಲ ಹಂಚುವುದೆಂದು ತೀರ್ಮಾನವಾಯಿತು. ಥಾರ್ನ್ ಬಂದು ಏಮಸ್‌ನ ಬೆನ್ನು ತಟ್ಟಿದ. ಸೈಲಸ್ ಭಾವನ ಕಾಲ ಬಳಿ ಉಗುಳಿ ಎದ್ದು ಹೋದ.

ಅವಳಾದರೂ ಉಳಿಯಲಿ ಎಂದು ತನ್ನ ಲೋಟವನ್ನೂ ಅವಳಿಗೇ ಕುಡಿಸಿದ್ದನ್ನು ಏಮಸ್ ಯಾರಿಗೂ ಹೇಳಲಿಲ್ಲ.