ಗಾದಿಯ ಮೇಲಿನ ಗಂಟೆ

ಅಂಗಡಿಯ ಫೋನು ಸದಾ ಎಂಗೇಜ್ ಆಗಿದ್ದರೆ, ಓದುಗರೇ, ನಿಮ್ಮ ಬೆರಳು ಮೊದಲು ಗುಮಾಸ್ತನ ಕಡೆಗೇ ಏಕೆ ತಿರುಗುತ್ತದೆ?

ರಾಯಚೂರಿನ ಗಂಜ್ ಮಾರುಕಟ್ಟೆಯ ಹತ್ತಿ ಅಡತಿ ವರ್ತಕ ಈರಯ್ಯನವರ ಬೆರಳೂ ಹಾಗೆಯೇ ತಿರುಗಿತ್ತು. ಮಾನ್ವಿ, ದೇವದುರ್ಗಗಳಿಂದ ಟ್ರಂಕ್ ಕಾಲ್ ಹಚ್ಚಿದವರಿಗೆ ಮಧ್ಯಾಹ್ನವೆಲ್ಲ ಲೈನು ಸಿಗದೆ, ಹತ್ತಿಯ ಗಾಡಿಗಳು ಬೇರೆ ಅಂಗಡಿಗೆ ಹೊರಳತೊಡಗಿದ್ದವು. ಫೋನಿದ್ದದ್ದು ಒಳಕೋಣೆಯಲ್ಲಿ, ಗುಮಾಸ್ತ ಅಮೀರ್ ಸಾಬನ ಮೇಜಿನ ಮೇಲೆ. ಎದುರಂಗಡಿಯ ಹನುಮಂತ್ರಾಯರು ಇದೇ ದೂರಿನ ಮೇಲೆ ತಮ್ಮ ಗುಮಾಸ್ತನನ್ನು ಆಗಲೇ ಕೆಲಸದಿಂದ ಬಿಡಿಸಿದ್ದರು. ಈರಯ್ಯನವರಿಗೆ ಮಾತ್ರ, ಬಿಡಿಸುವ ಮೊದಲು ಕಳ್ಳನನ್ನು ಕಣ್ಣಾರೆ ಹಿಡಿಯಬೇಕೆಂಬ ಹಟ.

ರೇಡಿಯೊ ರಿಪೇರಿಯ ಆದೆಪ್ಪ ಮೂರು ದಾರಿ ತೋರಿಸಿದ. ಕರೆಗಳನ್ನೆಣಿಸುವ ಮೀಟರು ಹೈದರಾಬಾದಿನಿಂದ ಬರಬೇಕು. ಅದರ ಬೆಲೆ ಕೇಳಿಯೇ ಈರಯ್ಯನವರ ಹಣೆಯ ವಿಭೂತಿ ಬೆವರಿನಲ್ಲಿ ಕರಗಿತು. ಡಯಲಿಗೆ ಬೀಗ ಅಗ್ಗ. ಆದರೆ ಸಾವ್ಕಾರರು ದೇವದುರ್ಗಕ್ಕೆ ಹೋದ ದಿನ ಕೀಲಿಕೈಯೂ ದೇವದುರ್ಗಕ್ಕೆ ಹೋಗುತ್ತದೆ. ಉಳಿದದ್ದು ಹಳೆಯ ಫೋನೊಂದರ ಗಂಟೆ. ಅದನ್ನು ಲೈನಿಗೆ ಜೋಡಿಸಿದರೆ, ಯಾರೇ ಡಯಲ್ ತಿರುಗಿಸಿದರೂ ಟಿಣ್ ಟಿಣ್ ಎನ್ನುತ್ತದೆ.

“ಇದನ್ನ ಹಚ್ಚು. ಗಂಟಿ ಯಾರ ಮುಲಾಜಿಗೂ ಬೀಳಂಗಿಲ್ಲ,” ಎಂದರು ಈರಯ್ಯನವರು. ಗಂಟೆ ಸಾವ್ಕಾರರು ಕೂರುವ ಗಾದಿಯ ಮೇಲಿನ ಗೋಡೆಗೇರಿತು.

ಮರುದಿನ ಮಧ್ಯಾಹ್ನ ಅಮೀರ್ ಸಾಬ್ ಗಾದಿಯ ಎದುರಿಗೇ ಕುಳಿತು, ಬಾಗಲವಾಡದ ಹತ್ತಿಯನ್ನು ಹಿಂಜಿ ಎಳೆಯ ಉದ್ದ ತೋರಿಸುತ್ತಿದ್ದ. ಗಂಟೆ ಟಿಣ್ಣೆಂದಿತು. ಈರಯ್ಯನವರು ಒಳಕೋಣೆಗೆ ಧಾವಿಸಿದರು. ಕುರ್ಚಿ ಖಾಲಿ, ರಿಸೀವರು ತೆಪ್ಪಗೆ ಮಲಗಿತ್ತು.

“ನನ್ನ ಕೈ ಎರಡೂ ಇಲ್ಲೇ ಅದಾವರಿ ಸಾವ್ಕಾರ್ರ,” ಎಂದು ಅಮೀರ್ ಸಾಬ್ ಹತ್ತಿ ಮೆತ್ತಿದ ಕೈಗಳನ್ನೆತ್ತಿದ.

ಅಂಗಡಿಯ ಮೇಲೆಯೇ ಇದ್ದ ಅವರ ಮನೆಯಿಂದ ನಗು ಕೇಳಿಸಿತು. ಈರಯ್ಯನವರು ಮೆಟ್ಟಿಲು ಹತ್ತಿದರು. ದೀಪಾವಳಿಗೆ ತಾವೇ ಅಂಗಡಿಯ ಲೈನಿನಿಂದ ಎಳೆಸಿ ಹಾಕಿಸಿಕೊಟ್ಟ ಜೋಡಿ ಫೋನನ್ನು ಕಿವಿಗೊತ್ತಿಕೊಂಡು, ಅವರ ತಾಯಿ ಮಹಾಂತಮ್ಮ ಮಂಚದ ಮೇಲೆ ಕಾಲು ನೀಡಿ ಕುಳಿತಿದ್ದರು. ಆ ತುದಿಯಲ್ಲಿ ಹನುಮಂತ್ರಾಯರ ತಾಯಿ ಅಂಬಮ್ಮ, ತಮ್ಮ ಮನೆಯ ಜೋಡಿ ಫೋನಿನಲ್ಲಿ.

“ಹೌದೇನ ಅಂಬಮ್ಮ, ಗುಮಾಸ್ತನ್ನ ಬಿಡಿಸೇಬಿಟ್ರಾ? ದಿನಾ ಅಷ್ಟೊತ್ತು ಫೋನಿನಾಗ ಏನ್ ಮಾತಾಡ್ತಿದ್ದನೋ ಯವ್ವಾ.”

ಈರಯ್ಯನವರು ಸದ್ದಿಲ್ಲದೆ ಇಳಿದು ಬಂದರು. “ನಿನಗ ಗೊತ್ತಿತ್ತೇನು?” ಎಂದು ಅಮೀರ್ ಸಾಬನನ್ನು ಕೇಳಿದರು.

“ಗೊತ್ತಿತ್ರಿ. ಅವ್ವಾರ ಹೆಸರು ನನ್ನ ಬಾಯಿಂದ ಬರಬಾರದಂತ ಗಂಟಿಗೆ ಬಿಟ್ಟಿದ್ದೆ.”

ಈರಯ್ಯನವರು ಅವನಿಗೆ ಕೈಮುಗಿದರು. ಆಮೇಲೆ ಗಂಟೆಯನ್ನು ಬಿಚ್ಚಿ ಹೆಗಲ ವಸ್ತ್ರದಲ್ಲಿ ಸುತ್ತಿಕೊಂಡು, ಅಮೀರ್ ಸಾಬನನ್ನು ಜೊತೆಗೆ ಕರೆದುಕೊಂಡು, ಕೆಲಸ ಕಳೆದುಕೊಂಡ ಗುಮಾಸ್ತನ ಪರ ಸಾಕ್ಷಿ ಹೇಳಲು ಹನುಮಂತ್ರಾಯರ ಅಂಗಡಿಯತ್ತ ರಸ್ತೆ ದಾಟಿದರು.

ನೀವೂ ಇಂಥ ಗಂಟೆ ಕೊಳ್ಳಲು ಹೊರಟಿದ್ದರೆ, ದಯಮಾಡಿ ಮೊದಲು ನಿಮ್ಮ ಮನೆಯ ಮೆಟ್ಟಿಲನ್ನೊಮ್ಮೆ ಹತ್ತಿ ಬನ್ನಿ.